ಮಲ್ಪೆ ಯಾರ್ಡಿನ ಗೋಡೆಯ ಹಿಸ್ಟೋಗ್ರಾಮ್ ರಿಪೇರಿ

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಒಟ್ಟು 61 ದಿನ. ಮಲ್ಪೆ ಬಂದರು ಆಗ ಮೌನ, ಬೋಟು ರಿಪೇರಿಯ ಯಾರ್ಡುಗಳಲ್ಲಿ ಮಾತ್ರ ಉಸಿರಾಡಲು ಪುರುಸೊತ್ತಿಲ್ಲ. ವರ್ಷವಿಡೀ ಮುಂದೆ ಹಾಕಿದ ಕೆಲಸವೆಲ್ಲ ಒಟ್ಟಿಗೆ ದಡ ಹತ್ತುತ್ತದೆ: ಹಲಗೆ ಬದಲಿಸುವುದು, ಫೈಬರ್ ಕೋಟಿಂಗ್, ಎಂಜಿನ್ ಬಿಚ್ಚುವುದು, ಪ್ರೊಪೆಲ್ಲರ್ ಶಾಫ್ಟ್, ವೆಲ್ಡಿಂಗ್, ಬಣ್ಣ. ಆಗಸ್ಟ್ 1ಕ್ಕೆ ಬೋಟು ನೀರಿನಲ್ಲಿರಬೇಕು. ಒಂದು ದಿನ ತಡವಾದರೆ ಆ ಬೋಟನ್ನು ನಂಬಿದ ಅಷ್ಟೂ ಮನೆಗಳಿಗೆ ಆ ದಿನದ ಪಾಲಿಲ್ಲ.

ನಾನು ಅಂಥ ಒಂದು ಯಾರ್ಡಿನ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಹಿಂದೆ ಮಂಗಳೂರಿನಲ್ಲಿ ಕಟ್ಟಡದ ಕಾಂಟ್ರಾಕ್ಟರರೊಬ್ಬರ ಹತ್ತಿರ ಇದೇ ಕೆಲಸದಲ್ಲಿದ್ದೆ. ಅಲ್ಲಿ ರೂಢಿಯಾದ, ಕೆಲಸದ ವೇಳಾಪಟ್ಟಿ ಹಾಕುವ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಎಂಬ ತಂತ್ರಾಂಶವನ್ನೇ ಇಲ್ಲಿಗೂ ತಂದೆ. ಯಾವ ಬೋಟು ಎಂದು ಸ್ಲಿಪ್‌ವೇ (ಬೋಟನ್ನು ನೀರಿನಿಂದ ದಡಕ್ಕೆ ಎಳೆಯುವ ಇಳಿಜಾರು) ಏರಬೇಕು, ಯಾವ ಕೆಲಸದ ಬೆನ್ನಿಗೆ ಯಾವುದು, ಯಾರಿಗೆ ಎಷ್ಟು ದಿನ, ಎಲ್ಲ ಅದರಲ್ಲಿದೆ. ಯಾವಾಗ ಎಷ್ಟು ಜನ ಬೇಕು ಎಂದು ಕಂಬ ಕಂಬವಾಗಿ ತೋರಿಸುವ ರಿಸೋರ್ಸ್ ಗ್ರಾಫ್ ನಮ್ಮಲ್ಲಿ ಎಲ್ಲರ ಬಾಯಲ್ಲೂ ಹಿಸ್ಟೋಗ್ರಾಮ್.

ಸಂಖ್ಯಾಶಾಸ್ತ್ರದ ಹಿಸ್ಟೋಗ್ರಾಮ್ ಬೇರೆ. ಕಾರ್ಲ್ ಪಿಯರ್ಸನ್ 1895ರಲ್ಲಿ ಪ್ರಕಟಿಸಿದ ಬರಹದಲ್ಲಿ ಆ ಹೆಸರು ಬಳಸಿದ್ದು ಒಂದು ಅಳತೆ ಯಾವ ಮಟ್ಟದಲ್ಲಿ ಎಷ್ಟು ಸಲ ಬಂತು ಎಂದು ತೋರಿಸುವ ಚಿತ್ರಕ್ಕೆ. ನಮ್ಮದರಲ್ಲಿ ಅಡ್ಡಕ್ಕೆ ಇರುವುದು ಕಾಲ. ಆದರೂ ಎರಡಕ್ಕೂ ಒಂದು ಗುಣ ಸಮಾನ. ಒಂದೊಂದು ಕಂಬದ ಹೊಟ್ಟೆಯಲ್ಲಿ ಎಷ್ಟನ್ನು ತುಂಬಿಸುತ್ತೀರಿ ಎಂಬುದರ ಮೇಲೆ ಚಿತ್ರ ಹೇಳುವ ಮಾತೇ ಬದಲಾಗುತ್ತದೆ. ನನಗೆ ಪೆಟ್ಟು ಬಿದ್ದದ್ದು ಅಲ್ಲಿ.

2024ರ ಜೂನ್ ಎರಡನೇ ವಾರದ ಹಾಳೆಯಲ್ಲಿ ವೆಲ್ಡರರ ಕಂಬ ಕೆಂಪಾಗಿ ನಿಂತಿತ್ತು. ಇದ್ದವರು ನಾಲ್ವರು, ಕಂಬ ಆರಕ್ಕೆ ಏರಿತ್ತು. ಅದನ್ನು ನೋಡಿ ಧಣಿಗಳು ಮಂಗಳೂರು ಧಕ್ಕೆಯ (ಬಂದರಿನ) ಕಡೆಯಿಂದ ಇಬ್ಬರನ್ನು ಇಡೀ ವಾರಕ್ಕೆ ಮಾತಾಡಿ ಕರೆಸಿದರು. ಸೋಮವಾರ, ಮಂಗಳವಾರ ಅವರಿಗೆ ಕೈತುಂಬ ಕೆಲಸ. ಬುಧವಾರದಿಂದ ಶನಿವಾರದ ತನಕ ಶೆಡ್ಡಿನ ಮಾಡಿನಡಿ ಮಳೆ ನೋಡುತ್ತ ಕುಳಿತರು. ಕೂಲಿ ಹೋದದ್ದಕ್ಕಿಂತ ಅವರ ಮುಖ ನೋಡುವುದು ನನಗೆ ಹೆಚ್ಚು ಕಷ್ಟವಾಯಿತು. ಕೆಲಸ ಬಲ್ಲವನನ್ನು ದೂರದಿಂದ ಕರೆಸಿ ಸುಮ್ಮನೆ ಕುಳ್ಳಿರಿಸುವುದು ಮರ್ಯಾದೆಯಲ್ಲ. ಅದೇ ತಿಂಗಳ ಕೊನೆಗೆ ಇನ್ನೊಂದಾಯಿತು. ಮರಗೆಲಸದ ಆಚಾರಿಗಳು ನಿಜಕ್ಕೂ ಸಾಲದೆ ಹೋದ ಮೂರು ದಿನ ಗೋಡೆಯ ಹಾಳೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಆಫೀಸಿನದು ಕಪ್ಪು-ಬಿಳುಪು ಪ್ರಿಂಟರ್, ಕೆಂಪೂ ನೀಲಿಯೂ ಒಂದೇ ಮಸಿಯಾಗಿ ಬಂದಿದ್ದವು.

ಎರಡೂ ಸಲ ಲೆಕ್ಕ ಸರಿಯಿತ್ತು. ತಪ್ಪಿದ್ದು ಲೆಕ್ಕವನ್ನು ತೋರಿಸಿದ ರೀತಿಯಲ್ಲಿ. ಹಾಗಾಗಿ 2025ರ ಮೇ ತಿಂಗಳ ಶನಿವಾರ, ಭಾನುವಾರಗಳನ್ನು ಈ ಒಂದು ಹಾಳೆಯ ರಿಪೇರಿಗೆ ಇಟ್ಟೆ. ಆ ದಿನಗಳ ಟಿಪ್ಪಣಿ ಇದು.

ಮೇ 3, ಶನಿವಾರ

ಮೊದಲು ಮೇಸ್ತ್ರಿಯನ್ನು ಕೂರಿಸಿಕೊಂಡು ಹಳೆಯ ಹಾಳೆಯನ್ನು ಅವರಿಂದಲೇ ಓದಿಸಿದೆ. ಜನ ಕರೆಯುವವರು, ಬೇಡ ಎನ್ನುವವರು ಅವರೇ. ಅವರಿಗೆ ಓದಲು ಬಾರದ ಹಾಳೆ ಗೋಡೆಯ ಮೇಲೆ ಇದ್ದೂ ಇಲ್ಲದ ಹಾಗೆ.

"ಇದು ಎಂತ ಮಾರಾಯ್ರೆ, ಸಾವಿರದ ಇನ್ನೂರು ಪರ್ಸೆಂಟ್? ನಮ್ಮಲ್ಲಿ ಆಚಾರಿಗಳು ಹನ್ನೆರಡು ಜನ ಅಲ್ವಾ ಇರುವುದು?"

ಅದೇ ಹನ್ನೆರಡು ಜನ. ಪ್ರಾಜೆಕ್ಟ್ ತಂತ್ರಾಂಶ ಒಬ್ಬ ಆಳನ್ನು 100% ಎಂದು ಎಣಿಸುತ್ತದೆ, ಹನ್ನೆರಡು ಆಳು 1200%. ಆಫೀಸಿನಲ್ಲಿ ಒಬ್ಬರು ಅರ್ಧ ದಿನ ಒಂದು ಕೆಲಸಕ್ಕೆ, ಉಳಿದರ್ಧ ಇನ್ನೊಂದಕ್ಕೆ ಎನ್ನುವ ಕಡೆ ಅದು ಸರಿ. ತಲೆ ಎಣಿಸಿ ಕೂಲಿ ಕೊಡುವ ಜಾಗದಲ್ಲಿ ಅದಕ್ಕೆ ಅರ್ಥವಿಲ್ಲ. ಫೈಲ್, ಆಪ್ಷನ್ಸ್, ಶೆಡ್ಯೂಲ್ ಎಂದು ಹೋದರೆ ಅಸೈನ್‌ಮೆಂಟ್ ಯೂನಿಟ್ಸನ್ನು ಪರ್ಸೆಂಟೇಜ್ ಆಗಿ ತೋರಿಸಬೇಕೋ ಡೆಸಿಮಲ್ ಆಗಿ ತೋರಿಸಬೇಕೋ ಎಂದು ಕೇಳುವ ಸಾಲಿದೆ. ಡೆಸಿಮಲ್ ಮಾಡಿದೆ. ರಿಸೋರ್ಸ್ ಶೀಟಿನ ಮ್ಯಾಕ್ಸ್ ಯೂನಿಟ್ಸ್‌ನಲ್ಲಿ 1200% ಹೋಗಿ 12 ಬಂತು, ಗ್ರಾಫಿನ ಎಡಗಡೆಯ ಅಂಕಿಗಳೂ 2, 4, 6 ಎಂದು ತಲೆಯೆಣಿಕೆಗೆ ಇಳಿದವು.

ಹತ್ತು ಸೆಕೆಂಡಿನ ಕೆಲಸ. ಇಷ್ಟು ವರ್ಷ ಯಾಕೆ ಮಾಡಿರಲಿಲ್ಲ ಎಂದರೆ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅದೇ ಸಂಜೆ ಇನ್ನೊಂದು ಗೊಂದಲ ತೆಗೆದೆ. ಹಳೆಯ ಫೈಲಿನಲ್ಲಿ ಒಂದು ದಿನಕ್ಕೆ ಎರಡೆರಡು ಕಂಬ ಕಾಣುತ್ತಿದ್ದವು. ಗ್ರಾಫಿನ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ ಬಾರ್ ಸ್ಟೈಲ್ಸ್ ತೆರೆದರೆ ಎಡಗಡೆಯ ಚೌಕಗಳು ಇಡೀ ಗುಂಪಿನದು, ಬಲಗಡೆಯವು ಆಗ ನೋಡುತ್ತಿರುವ ಒಂದು ರಿಸೋರ್ಸಿನದು, ಅಂದರೆ ಒಂದು ಪಂಗಡದ ಆಳುಗಳದ್ದು. ಕಟ್ಟಡದ ಕೆಲಸದ ಕಾಲದಲ್ಲಿ ಯಾರೋ ಗುಂಪನ್ನೂ ತೆರೆದಿಟ್ಟಿದ್ದರು. ಆಚಾರಿ, ವೆಲ್ಡರ್, ಫಿಟ್ಟರ್, ಪೈಂಟರ್ ಎಲ್ಲರನ್ನೂ ಕೂಡಿಸಿದ ಕಂಬದ ಪಕ್ಕದಲ್ಲಿ ವೆಲ್ಡರರ ಕಂಬ ಮೊಳಕೆಯಷ್ಟು ಕಾಣುತ್ತಿತ್ತು. ಎಡಗಡೆಯ ಎಲ್ಲದಕ್ಕೂ ಡೋಂಟ್ ಶೋ ಕೊಟ್ಟೆ. ಪ್ರೊಪೋಸ್ಡ್ ಬುಕಿಂಗ್ಸ್ ಎಂಬುದನ್ನು ನಾವು ಬಳಸುವುದೇ ಇಲ್ಲ, ಅದಕ್ಕೂ ಅದೇ. ಈಗ ಒಂದು ದಿನಕ್ಕೆ ಒಂದೇ ಕಂಬ, ಅಳತೆ ಆ ಒಂದು ಪಂಗಡದ್ದು ಮಾತ್ರ.

ಮೇ 4, ಭಾನುವಾರ

ಆ ಇಬ್ಬರು ವೆಲ್ಡರರ ವಾರವನ್ನು ಮತ್ತೆ ತೆರೆದು ಕೂತೆ. ನಾಲ್ಕು ಜನ ವೆಲ್ಡರರು, ವಾರಕ್ಕೆ ಆರು ಕೆಲಸದ ದಿನ, ಅಂದರೆ ನಮ್ಮ ಕೈಯಲ್ಲಿ 24 ಆಳುದಿನ (ಒಬ್ಬ ಆಳಿನ ಒಂದು ದಿನದ ಕೆಲಸ ಒಂದು ಆಳುದಿನ). ಬೇಕಾದದ್ದು ಹೀಗಿತ್ತು: ಸೋಮವಾರ, ಮಂಗಳವಾರ ಎರಡು ಬೋಟಿಗೆ ತಲಾ ಮೂವರು, ದಿನಕ್ಕೆ ಆರು. ಬುಧವಾರದಿಂದ ಶನಿವಾರಕ್ಕೆ ದಿನಕ್ಕೆ ಇಬ್ಬರು. 12 ಮತ್ತು 8, ಒಟ್ಟು 20 ಆಳುದಿನ.

ಇದೇ ವಾರವನ್ನು ಗ್ರಾಫಿನಲ್ಲಿ ಬೇರೆ ಬೇರೆ ರೀತಿ ನೋಡಿದೆ. ಕಂಬಕ್ಕೊಂದು ವಾರ ಎಂದಿಟ್ಟು ಪೀಕ್ ಯೂನಿಟ್ಸ್ ತೋರಿಸಿದರೆ ಕಂಬ ಆರಕ್ಕೆ ಏರುತ್ತದೆ. ಆ ಅವಧಿಯೊಳಗೆ ಯಾವುದೇ ಹೊತ್ತಿನಲ್ಲಿ ಬೇಕಾದ ಅತಿ ಹೆಚ್ಚಿನ ಸಂಖ್ಯೆ ಯಾವುದೋ ಅದನ್ನೇ ಪೀಕ್ ಯೂನಿಟ್ಸ್ ಹೇಳುವುದು, ಎರಡು ದಿನದ ಆರು ಇಡೀ ವಾರದ ಆರು ಆಗಿ ಕಾಣುತ್ತದೆ. ಅದೇ ವಾರಕ್ಕೆ ವರ್ಕ್ ಎಂದು ಆರಿಸಿದರೆ ಕಂಬ 20 ಆಳುದಿನ, ಲಭ್ಯವಿರುವುದು 24, ಅಂದರೆ ಲಭ್ಯವಿರುವ ಜನರನ್ನು ತೋರಿಸುವ ಗೆರೆಯ ಕೆಳಗೇ ಉಳಿಯಿತು. ಲಭ್ಯವಿರುವುದರಲ್ಲಿ ಎಷ್ಟು ಪಾಲು ಬಳಕೆಯಾಯಿತು ಎಂದು ಹೇಳುವ ಪರ್ಸೆಂಟ್ ಅಲೊಕೇಷನ್ ನೋಡಿದರೆ 83%. ಮೊದಲನೆಯದನ್ನು ನಂಬಿದರೆ ವಾರವಿಡೀ ಇಬ್ಬರು ಹೆಚ್ಚಿಗೆ ಬೇಕು. ಉಳಿದ ಎರಡನ್ನು ನಂಬಿದರೆ ಯಾರೂ ಬೇಡ, ಇನ್ನೂ ನಾಲ್ಕು ಆಳುದಿನ ಉಳಿದಿದೆ. ಯಾವುದನ್ನೂ ನಂಬುವ ಹಾಗಿಲ್ಲ.

ಕಂಬಕ್ಕೊಂದು ದಿನ ಮಾಡಿದ ಕೂಡಲೇ ನಿಜ ಎದ್ದು ನಿಂತಿತು: 6, 6, 2, 2, 2, 2. ಇದನ್ನು ನೋಡಿದ ಯಾರಾದರೂ ಎರಡು ದಿನಕ್ಕೆ ಮಾತ್ರ ಜನ ಕರೆಯುತ್ತಾರೆ, ಇಲ್ಲವಾದರೆ ಎರಡನೇ ಬೋಟಿನ ವೆಲ್ಡಿಂಗನ್ನು ಬುಧವಾರದಿಂದ ದಿನಕ್ಕೆ ಇಬ್ಬರಂತೆ ಮೂರು ದಿನಕ್ಕೆ ಹರಡುತ್ತಾರೆ. ನಾನು ಮೇಸ್ತ್ರಿಗೆ ತೋರಿಸಿದಾಗ ಅವರು ಹೇಳಿದ್ದು ಇಷ್ಟೇ: "ಇದನ್ನು ಅಂದೇ ತೋರಿಸಿದ್ದರೆ ನಾನು ಆ ಬೋಟನ್ನು ಬುಧವಾರ ಹಿಡಿಯುತ್ತಿದ್ದೆ. ಅದಕ್ಕೆ ಅರ್ಜೆಂಟ್ ಇರಲಿಲ್ಲ."

ಮನಸ್ಸಿಗೆ ಚುಚ್ಚಿತು.

ಟೈಮ್‌ಸ್ಕೇಲ್‌ನಲ್ಲಿ ಈಗ ಕೆಳಗಿನ ಸಾಲು ದಿನ, ಅದರ ಮೇಲೆ ವಾರ, ಅದರ ಮೇಲೆ ತಿಂಗಳು. ಅವಧಿ 61 ದಿನವೇ ಆದದ್ದರಿಂದ ಇದು ಸಾಧ್ಯ. ಎರಡು ವರ್ಷದ ಕಟ್ಟಡದ ಪ್ಲಾನಿಗೆ ದಿನದ ಕಂಬ ಹಾಕಿದರೆ ಹಾಳೆ ಬಾಚಣಿಗೆಯ ಹಾಗೆ ಕಾಣುತ್ತದೆ. ಅಲ್ಲಿ ವಾರವೇ ಸರಿ, ಆದರೆ ಪಕ್ಕದಲ್ಲಿ ಮುಂದಿನ ನಾಲ್ಕು ವಾರದ ದಿನದ ಹಾಳೆ ಒಂದಿರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಗ್ರಾಫಿನ ಬಗೆಯಾಗಿ ಪೀಕ್ ಯೂನಿಟ್ಸ್ ಅನ್ನೇ ಉಳಿಸಿದೆ. ದಿನದ ಮಟ್ಟದಲ್ಲಿ ಅದು ಎಷ್ಟು ತಲೆ ಬೇಕು ಎಂದೇ ಹೇಳುತ್ತದೆ. ಬಾರ್ ಸ್ಟೈಲ್ಸ್‌ನ ಶೋ ಆ್ಯಸ್ ಪಟ್ಟಿಯಲ್ಲಿ ಬಾರ್, ಏರಿಯಾ, ಸ್ಟೆಪ್, ಲೈನ್, ಸ್ಟೆಪ್ ಲೈನ್ ಎಂದು ಬಗೆಗಳಿವೆ. ಒಂದೊಂದನ್ನೂ ಹಾಕಿ ನೋಡಿದೆ. ಏರಿಯಾ ಕಣ್ಣಿಗೆ ನಯ, ಆದರೆ ಮಂಗಳವಾರದ ಆರರಿಂದ ಬುಧವಾರದ ಎರಡಕ್ಕೆ ಇಳಿಜಾರು ಎಳೆಯುತ್ತದೆ, ನಡುವೆ ಎಲ್ಲೋ ನಾಲ್ಕು ಜನ ಇದ್ದರು ಎಂಬ ಭ್ರಮೆ ಹುಟ್ಟಿಸುತ್ತದೆ. ಆಳುಗಳು ಇಳಿಜಾರಿನಲ್ಲಿ ಕಡಿಮೆಯಾಗುವುದಿಲ್ಲ, ಸಂಜೆ ಲೆಕ್ಕ ಮುಗಿಸಿ ಹೋಗುತ್ತಾರೆ. ದೂರದಿಂದ ನೋಡುವುದಾದರೆ ಸ್ಟೆಪ್ ಚೆಂದ, ಮೆಟ್ಟಿಲಿನ ಹಾಗೆ. ನಮ್ಮ ಮೇಸ್ತ್ರಿ ಒಂದೊಂದು ದಿನದ ಮೇಲೆ ಬೆರಳಿಟ್ಟು ಎಣಿಸುವವರು, ಆದ್ದರಿಂದ ಬಾರ್. ಶೋ ವ್ಯಾಲ್ಯೂಸ್ ಗುರುತು ಹಾಕಿದೆ, ದಿನದಿನದ ಅಂಕಿ ಹಾಳೆಯ ಮೇಲೆಯೇ ಬಂತು.

ಮೇ 10, ಶನಿವಾರ

ಬಣ್ಣ. ಇದಕ್ಕೆ ಇಡೀ ದಿನ ಹೋಯಿತು, ಬೇಸರವಿಲ್ಲ.

ಹಂಚಿಕೆಯಾದ ಕೆಲಸ ನೀಲಿ, ಮಿತಿ ಮೀರಿದ್ದು ಕೆಂಪು, ಹಳೆಯ ಫೈಲಿನಲ್ಲಿ ಇದ್ದದ್ದು ಹೀಗೆ. ಪರದೆಯ ಮೇಲೆ ಇವೆರಡಕ್ಕೂ ಅಜಗಜಾಂತರ. ಕಾಗದದ ಮೇಲೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಬಣ್ಣವನ್ನು ಬೂದಿಗೆ ಇಳಿಸಲು ಬಹಳ ಕಡೆ ಬಳಸುವ ಸೂತ್ರದಲ್ಲಿ ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ತೂಕ. ನಮ್ಮ ಕಣ್ಣು ಹಸಿರಿನ ಬೆಳಕನ್ನು ಹೆಚ್ಚು, ನೀಲಿಯದನ್ನು ಕಡಿಮೆ ಗ್ರಹಿಸುವುದರಿಂದ ಈ ತೂಕ. 0 ಎಂದರೆ ಕಪ್ಪು, 255 ಎಂದರೆ ಬಿಳಿ. ಅಪ್ಪಟ ಕೆಂಪು 76ಕ್ಕೆ ಬಂದು ನಿಲ್ಲುತ್ತದೆ, ಅಪ್ಪಟ ನೀಲಿ 29ಕ್ಕೆ. ಎರಡೂ ಕತ್ತಲ ಕಡೆಯವೇ. ಇನ್ನೂ ಕೆಟ್ಟದ್ದೆಂದರೆ ಅಪಾಯದ ಕೆಂಪು ಮಾಮೂಲಿ ನೀಲಿಗಿಂತ ತಿಳಿಯಾಗಿ ಬರುತ್ತದೆ. ನಮ್ಮ ಹಳೆಯ ಪ್ರಿಂಟರಿನಲ್ಲಿ ಟೋನರ್ ಸ್ವಲ್ಪ ಕಡಿಮೆಯಾದರೆ ಇಷ್ಟು ಸಣ್ಣ ವ್ಯತ್ಯಾಸ ಅಳಿಸಿಯೇ ಹೋಗುತ್ತದೆ. ಆಚಾರಿಗಳ ಆ ಮೂರು ದಿನ ಕಣ್ಮರೆಯಾದದ್ದು ಹೀಗೆ.

ಮೊದಲು ಅಪ್ಪಟ ಹಳದಿ ಹಾಕಿದೆ. ಅದು 226, ಬಿಳಿ ಕಾಗದದಲ್ಲಿ ಕರಗಿತು. ಹಸಿರು ಸ್ವಲ್ಪ ಇಳಿಸಿ ಕೆಂಪು 255, ಹಸಿರು 192, ನೀಲಿ 0 ಎಂದು ಕೊಟ್ಟೆ, ಮಾಗಿದ ಮಾವಿನ ಹಣ್ಣಿನ ಬಣ್ಣ. ಬೂದಿಯಲ್ಲಿ 189. ಮಿತಿ ಮೀರಿದ್ದಕ್ಕೆ ಕೆಂಪು 128, ಉಳಿದೆರಡು 0, ಕುಂಕುಮಕ್ಕಿಂತ ಗಾಢ. ಅದು 38. ನಡುವಿನ ಅಂತರ 47ರಿಂದ 151ಕ್ಕೆ ಹಿಗ್ಗಿತು, ಹೆಚ್ಚು ಗಾಢವಾದದ್ದೇ ಹೆಚ್ಚು ಅಪಾಯದ್ದು ಎಂದೂ ಆಯಿತು.

ಅಷ್ಟಕ್ಕೇ ಬಿಡಲಿಲ್ಲ. ಮಳೆಗಾಲದಲ್ಲಿ ಗೋಡೆಯ ಹಾಳೆ ಒದ್ದೆಯಾಗಿ ಮಾಸುತ್ತದೆ, ಅದರ ಜೆರಾಕ್ಸ್ ತೆಗೆದು ಇನ್ನೊಂದು ಶೆಡ್ಡಿಗೆ ಕೊಡುತ್ತಾರೆ, ಜೆರಾಕ್ಸಿನ ಜೆರಾಕ್ಸೂ ಆಗುತ್ತದೆ. ಬಣ್ಣವನ್ನೊಂದೇ ನೆಚ್ಚಿಕೊಂಡರೆ ಆಗದು. ಬಾರ್ ಸ್ಟೈಲ್ಸ್‌ನಲ್ಲಿ ಬಣ್ಣದ ಪಕ್ಕದಲ್ಲೇ ಪ್ಯಾಟರ್ನ್ ಇದೆ. ಮಾಮೂಲಿ ಕೆಲಸಕ್ಕೆ ತುಂಬಿದ ಬಣ್ಣ, ಮಿತಿ ಮೀರಿದ್ದಕ್ಕೆ ಓರೆ ಗೆರೆ. ಪ್ರಿಂಟ್ ತೆಗೆದು, ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸನ್ನು ಮತ್ತೆ ಜೆರಾಕ್ಸ್ ಮಾಡಿಸಿ ತಂದೆ. ಮೂರನೇ ಪ್ರತಿಯಲ್ಲಿ ಮಾವಿನ ಬಣ್ಣ ಕಲೆಕಲೆಯಾಗಿತ್ತು, ಓರೆ ಗೆರೆ ಮಾತ್ರ ಹಾಗೇ ಉಳಿದಿತ್ತು. ನಮ್ಮ ಫಿಟ್ಟರರೊಬ್ಬರಿಗೆ ಕೆಂಪು-ಹಸಿರು ಗುರುತು ಹತ್ತುವುದಿಲ್ಲ, ಅವರೂ ತಡಮಾಡದೆ ಬೆರಳಿಟ್ಟು ತೋರಿಸಿದರು.

ಮೇ 11, ಭಾನುವಾರ

ಕಂಬ ಸರಿಯಾಯಿತು, ಈಗ ಗೆರೆ. ಹಿಸ್ಟೋಗ್ರಾಮಿನಲ್ಲಿ ಕಂಬ ಬೇಡಿಕೆ, ಗೆರೆ ನಮ್ಮ ಕೈಯಲ್ಲಿರುವ ಜನ. ಗೆರೆ ಸುಳ್ಳಾದರೆ ಕಂಬ ಎಷ್ಟು ಸತ್ಯವಾದರೂ ಪ್ರಯೋಜನವಿಲ್ಲ. ಹಳೆಯ ಹಾಳೆಯಲ್ಲಿ ವೆಲ್ಡರರ ಗೆರೆ ಜೂನ್ 1ರಿಂದ ಜುಲೈ 31ರ ತನಕ ನಾಲ್ಕರಲ್ಲಿ ಚಪ್ಪಟೆಯಾಗಿ ಮಲಗಿತ್ತು. ನಿಜದಲ್ಲಿ ಎಂದೂ ಹಾಗಿರುವುದಿಲ್ಲ.

ರಿಸೋರ್ಸ್ ಶೀಟಿನಲ್ಲಿ ವೆಲ್ಡರರ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ರಿಸೋರ್ಸ್ ಇನ್ಫಾರ್ಮೇಶನ್ ತೆರೆಯುತ್ತದೆ. ಜನರಲ್ ಪುಟದಲ್ಲಿ ರಿಸೋರ್ಸ್ ಅವೈಲಬಿಲಿಟಿ ಎಂಬ ಪುಟ್ಟ ಪಟ್ಟಿ: ಇಂಥ ದಿನದಿಂದ, ಇಂಥ ದಿನದ ತನಕ, ಇಷ್ಟು ಯೂನಿಟ್. ತುಂಬ ಜನ ಇದನ್ನು ಮುಟ್ಟುವುದೇ ಇಲ್ಲ. ಮೇಸ್ತ್ರಿಯನ್ನು ಕೇಳಿ ತುಂಬಿಸಿದೆ. ಜೂನ್ 15ರ ತನಕ 4. ಜೂನ್ 16ರಿಂದ ಜುಲೈ 12ರ ತನಕ 6, ಕಾರವಾರ ಕಡೆಯ ಇಬ್ಬರು ಬರುತ್ತಾರೆ. ಜುಲೈ 13ರಿಂದ 5, ಒಬ್ಬರಿಗೆ ಮನೆಯಲ್ಲಿ ಮದುವೆ. ಬಾರ್ ಸ್ಟೈಲ್ಸ್‌ನಲ್ಲಿ ಶೋ ಅವೈಲಬಿಲಿಟಿ ಲೈನ್ ಗುರುತು ಹಾಕಿದ್ದೇ ಗೆರೆ ಮೆಟ್ಟಿಲಾಗಿ ಏರಿ ಇಳಿಯಿತು. ಕೆಲವು ದಿನಗಳ ಓರೆ ಗೆರೆ ತಾನಾಗಿಯೇ ಮಾಯವಾಯಿತು. ಜುಲೈ ಮೂರನೇ ವಾರದಲ್ಲಿ ಎರಡು ದಿನ ಮಾತ್ರ ಎದ್ದು ಕಂಡಿತು. ಹಳೆಯ ಗೆರೆಯಲ್ಲಿ ಆ ಎರಡು ದಿನ ಉಳಿದ ದಿನಗಳ ಸಂದಣಿಯಲ್ಲಿ ಸೇರಿಹೋಗಿ ಯಾರೂ ಗಮನಿಸದೆ ದಾಟಿಬಿಡುತ್ತಿದ್ದವು.

ಕ್ಯಾಲೆಂಡರೂ ಗೆರೆಯ ಒಂದು ಭಾಗವೇ. ತಂತ್ರಾಂಶದ ಸ್ಟ್ಯಾಂಡರ್ಡ್ ಕ್ಯಾಲೆಂಡರಿಗೆ ವಾರ ಎಂದರೆ ಸೋಮವಾರದಿಂದ ಶುಕ್ರವಾರ. ನಮಗೆ ಶನಿವಾರವೂ ಕೆಲಸ. ಯಾರ್ಡಿನದೇ ಕ್ಯಾಲೆಂಡರ್ ಮಾಡಿ, ಭಾನುವಾರ ಮಾತ್ರ ರಜೆ ಇಟ್ಟೆ. ಆ 61 ದಿನದಲ್ಲಿ 2025ಕ್ಕೆ ಒಂಬತ್ತು ಭಾನುವಾರ. ಜುಲೈ 24ಕ್ಕೆ ತುಳುವರ ಆಟಿ ತಿಂಗಳ ಅಮಾವಾಸ್ಯೆ, ಬೆಳಿಗ್ಗೆ ಬೇಗ ಎದ್ದು ಪಾಲೆ ಮರದ ತೊಗಟೆಯ ಕಷಾಯ ಕುಡಿಯುವ ದಿನ, ಅಂದು ಯಾರ್ಡು ಮುಚ್ಚಿರುತ್ತದೆ. ಉಳಿದದ್ದು 51 ದಿನ. ಆಪ್ಷನ್ಸ್‌ನಲ್ಲಿ ವಾರಕ್ಕೆ 40 ಗಂಟೆ ಎಂದಿದ್ದದ್ದನ್ನು 48 ಮಾಡಿದೆ, ಇಲ್ಲದಿದ್ದರೆ ಒಂದು ವಾರದ ಕೆಲಸ ಎಂದು ಬರೆದಾಗ ಅದು ಐದೇ ದಿನ ಹಿಡಿಯುತ್ತದೆ.

ಇಲ್ಲೊಂದು ಕಡೆ ಅರ್ಧ ಗಂಟೆ ತಲೆ ಕೆರೆದುಕೊಂಡೆ. ಹೊಸ ಕ್ಯಾಲೆಂಡರನ್ನು ಪ್ರಾಜೆಕ್ಟಿಗೆ ಕೊಟ್ಟಾಯಿತು, ಕೆಲಸಗಳು ಶನಿವಾರಕ್ಕೂ ಹರಡಿದವು, ಆದರೂ ಕೆಲಸಗಳನ್ನು ದಿನಗಳ ಮೇಲೆ ಪಟ್ಟಿಯಾಗಿ ಎಳೆದು ತೋರಿಸುವ ಮೇಲಿನ ಗ್ಯಾಂಟ್ ಚಾರ್ಟಿನಲ್ಲಿ ಶನಿವಾರದ ಬೂದು ಪಟ್ಟಿ ಹೋಗಲಿಲ್ಲ. ಟೈಮ್‌ಸ್ಕೇಲ್ ಡಯಲಾಗಿನ ಕೊನೆಯ ಪುಟ ನಾನ್-ವರ್ಕಿಂಗ್ ಟೈಮ್. ಯಾವ ಕ್ಯಾಲೆಂಡರಿನ ರಜೆಗೆ ಬೂದು ಬಳಿಯಬೇಕು ಎಂಬುದು ಅಲ್ಲಿ ಬೇರೆಯೇ ಇದೆ, ಅದು ಸ್ಟ್ಯಾಂಡರ್ಡ್‌ನಲ್ಲೇ ಉಳಿದಿತ್ತು. ಯಾರ್ಡಿನದನ್ನು ಆರಿಸಿದೆ, ಸರಿಹೋಯಿತು.

ಮೇ 17, ಶನಿವಾರ

ಹೆಸರುಗಳನ್ನು ಕನ್ನಡಕ್ಕೆ ತಂದೆ. ರಿಸೋರ್ಸ್ ಶೀಟಿನಲ್ಲಿ ಆಚಾರಿ, ವೆಲ್ಡರ್, ಫಿಟ್ಟರ್, ಪೈಂಟರ್, ಫೈಬರ್ ಕೆಲಸ ಎಂದು ನೇರವಾಗಿ ಯೂನಿಕೋಡಿನಲ್ಲಿ ಟೈಪ್ ಮಾಡಿ, ಟೆಕ್ಸ್ಟ್ ಸ್ಟೈಲ್ಸ್‌ನಲ್ಲಿ ನಿರ್ಮಲಾ ಯುಐ ಫಾಂಟ್ ಕೊಟ್ಟೆ. ವಿಂಡೋಸಿನ ಹಳೆಯ ಕನ್ನಡ ಫಾಂಟ್ ತುಂಗಾವನ್ನೂ ನೋಡಿದೆ, ದೂರಕ್ಕೆ ಗೆರೆ ತೆಳುವೆನಿಸಿತು. ಗಾತ್ರ ದೊಡ್ಡದು ಮಾಡಿದಾಗ ಒತ್ತಕ್ಷರಕ್ಕೆ ಜಾಗ ಬಿಟ್ಟಿದೆಯೇ ಎಂದು ಪ್ರಿಂಟ್ ತೆಗೆದೇ ನೋಡಬೇಕು, ಪರದೆಯನ್ನು ನಂಬುವ ಹಾಗಿಲ್ಲ.

ಪ್ರಿಂಟಿಗೆ ಎ3 ಅಡ್ಡ ಹಾಳೆ. 420 ಮಿಲಿಮೀಟರ್ ಅಗಲದಲ್ಲಿ ಅಂಚು, ಎಡಗಡೆಯ ಹೆಸರಿನ ಭಾಗ ಕಳೆದರೆ ಸುಮಾರು 300 ಉಳಿಯುತ್ತದೆ. 61 ಕಂಬಕ್ಕೆ ಹಂಚಿದರೆ ಒಂದಕ್ಕೆ ಹೆಚ್ಚುಕಡಿಮೆ 5 ಮಿಲಿಮೀಟರ್, ಎರಡಂಕಿ ಹಿಡಿಯಲು ಸಾಕು. ರಿಸೋರ್ಸ್ ಗ್ರಾಫ್ ಪಂಗಡಕ್ಕೊಂದು ಹಾಳೆಯಂತೆ ಪ್ರಿಂಟಾಗುತ್ತದೆ, ನಮಗೆ ಐದು ಹಾಳೆ. ಒಂದು ಎಚ್ಚರ ಬೇಕು: ಪ್ರತಿ ಹಾಳೆಯ ಎತ್ತರದ ಅಳತೆ ಆಯಾ ಪಂಗಡಕ್ಕೆ ತಕ್ಕ ಹಾಗೆ. ನಾಲ್ಕು ವೆಲ್ಡರರ ಕಂಬವೂ ಹನ್ನೆರಡು ಆಚಾರಿಗಳ ಕಂಬವೂ ಪಕ್ಕಪಕ್ಕದಲ್ಲಿ ಒಂದೇ ಎತ್ತರ ಕಾಣುತ್ತವೆ. ಹಾಳೆಗಳ ನಡುವೆ ಎತ್ತರ ಹೋಲಿಸಬೇಡಿ ಎಂದು ಎಲ್ಲರಿಗೂ ಬಾಯಲ್ಲೇ ಹೇಳಿದೆ, ಆಯಾ ಹಾಳೆಯನ್ನು ಆಯಾ ಶೆಡ್ಡಿನಲ್ಲೇ ಅಂಟಿಸಿದೆ.

ಇಷ್ಟು ಮಾಡಿದ ನೋಟವನ್ನು ಮೋರ್ ವ್ಯೂಸ್‌ನಲ್ಲಿ ಕಾಪಿ ಮಾಡಿ "ಗೋಡೆ ಹಾಳೆ" ಎಂದು ಬೇರೆ ಹೆಸರಿಟ್ಟೆ. ಮೂಲ ರಿಸೋರ್ಸ್ ಗ್ರಾಫ್ ಹಾಗೇ ಉಳಿಯಿತು. ಆರ್ಗನೈಸರಿನಲ್ಲಿ ಅದನ್ನು ಗ್ಲೋಬಲ್ ಫೈಲಿಗೂ ದಾಟಿಸಿದೆ, ಮುಂದಿನ ವರ್ಷ ಹೊಸ ಫೈಲ್ ತೆರೆದರೂ ಸಿಗುತ್ತದೆ.

ಮೇ 25, ಭಾನುವಾರ

ಧಣಿಗಳಿಗೆ ಬೇಕಾದದ್ದು ಬೇರೆ. ಆಚಾರಿಗಳ ಆ ಎತ್ತರದ ಕಂಬ ಯಾವ ಬೋಟಿನಿಂದ ಎದ್ದಿತು ಎಂದು ಅವರ ಪ್ರಶ್ನೆ. ರಿಸೋರ್ಸ್ ಗ್ರಾಫಿಗೆ ಕಂಬವನ್ನು ಬೋಟುವಾರು ಸೀಳಿ ತೋರಿಸಲು ಬರುವುದಿಲ್ಲ. ಪ್ರೈಮಾವೆರಾ ಪಿ6 ಎಂಬ ಇನ್ನೊಂದು ಪ್ಲಾನಿಂಗ್ ತಂತ್ರಾಂಶ ಬಳಸುವವರಿಗೆ ರಿಸೋರ್ಸ್ ಯೂಸೇಜ್ ಪ್ರೊಫೈಲಿನಲ್ಲೇ ಪದರದ ಮೇಲೆ ಪದರ ಪೇರಿಸುವ ಸ್ಟ್ಯಾಕ್ಡ್ ಹಿಸ್ಟೋಗ್ರಾಮ್ ಇದೆ, ಬೇಕಾದ ಫಿಲ್ಟರಿಗೆ ಬೇಕಾದ ಬಣ್ಣ ಕೊಡಬಹುದು. ನಮ್ಮಂಥ ಸಣ್ಣ ಯಾರ್ಡಿಗೆ ಅದರ ಖರ್ಚು ಹೊರಲಾಗದು, ಹಾಗಾಗಿ ಎಕ್ಸೆಲ್.

ಪ್ರಾಜೆಕ್ಟಿನ ವಿಷುವಲ್ ರಿಪೋರ್ಟ್ಸ್ ತೆರೆದು ಎಕ್ಸೆಲ್ ಪಿವಟಿಗೆ (ಅಂಕಿಗಳನ್ನು ಗುಂಪು ಮಾಡಿ ಕೂಡುವ ಕೋಷ್ಟಕಕ್ಕೆ) ಕಳಿಸುವ ಮೊದಲು, ಅಂಕಿಅಂಶವನ್ನು ಯಾವ ಮಟ್ಟದಲ್ಲಿ ಸೇರಿಸಬೇಕು ಎಂಬ ಪೆಟ್ಟಿಗೆ ಕೆಳಗಿರುತ್ತದೆ. ಅಲ್ಲಿ ವೀಕ್ಸ್ ಎಂದಿತ್ತು. ಅದೇ ಹಳೆಯ ಹೊಂಡ, ಈ ಸಲ ಕಂಡಿತು. ಡೇಸ್ ಮಾಡಿದೆ. ಎಕ್ಸೆಲಿನಲ್ಲಿ ಸ್ಟ್ಯಾಕ್ಡ್ ಕಾಲಮ್, ಕಂಬಗಳ ನಡುವಿನ ಗ್ಯಾಪ್ ವಿಡ್ತ್ ಅನ್ನು ಪೂರ್ತಿ ಸೊನ್ನೆ ಮಾಡದೆ ಕೂದಲೆಳೆಯಷ್ಟು ಸಂದು ಬಿಟ್ಟು 15.

ಬಣ್ಣಕ್ಕೆ ಇಲ್ಲಿ ನನ್ನ ಬುದ್ಧಿ ಓಡಿಸಲಿಲ್ಲ. ಒಂಬತ್ತು ಬೋಟಿಗೂ ಅದರದೇ ಮೈಬಣ್ಣ ಇದೆ, ದೂರದಿಂದ ನೋಡಿ ಇದು ಇಂಥವರ ಬೋಟು ಎಂದು ಮಲ್ಪೆಯ ಮಕ್ಕಳೂ ಹೇಳುತ್ತಾರೆ. ಮೊಬೈಲಿನಲ್ಲಿ ಒಂದೊಂದರ ಫೋಟೊ ತೆಗೆದು ಅದರಿಂದಲೇ ಬಣ್ಣ ಎತ್ತಿಕೊಟ್ಟೆ. ನೀಲಿಯವು ಮೂರಿದ್ದವು, ಅವಕ್ಕೆ ಬೋಟಿನ ಪಟ್ಟೆಯ ಬಣ್ಣ ಹಿಡಿದೆ. ಧಣಿಗಳು ಬಣ್ಣದ ವಿವರ ಬರೆದ ಮೂಲೆಯನ್ನು ನೋಡಲೇ ಇಲ್ಲ. "ಹಸಿರಿನದ್ದೇ ಇಷ್ಟು ತಿನ್ನುವುದಾ?" ಎಂದು ನೇರ ಬೋಟಿನ ಮಾತಿಗೇ ಬಂದರು.

ಪದರದ ಕ್ರಮವೂ ಮುಖ್ಯ. ಅಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಪದರಕ್ಕೆ ಮಾತ್ರ ಸಮತಟ್ಟಾದ ನೆಲ ಇರುತ್ತದೆ, ಅದರ ಏರಿಳಿತ ಮಾತ್ರ ಕಣ್ಣಿಗೆ ಸರಿಯಾಗಿ ಸಿಗುತ್ತದೆ. ಮೇಲಿನವು ಕೆಳಗಿನವರ ಹೆಗಲ ಮೇಲೆ ಕುಣಿಯುತ್ತವೆ. ಯಾವ ಬೋಟಿನ ಕೆಲಸ ಅತಿ ದೊಡ್ಡದೋ, ಯಾವುದು ತಡವಾದರೆ ಉಳಿದವಕ್ಕೆ ಸ್ಲಿಪ್‌ವೇ ಬಿಡುಗಡೆಯಾಗುವುದಿಲ್ಲವೋ ಅದನ್ನು ಅಡಿಗೆ ಇಟ್ಟೆ. ಒಂಬತ್ತು ಪದರ ಹೆಚ್ಚೇ ಆಯಿತು. ಎರಡು ದಿನದ ಸಣ್ಣ ಕೆಲಸದ ನಾಲ್ಕು ಬೋಟುಗಳನ್ನು "ಉಳಿದವು" ಎಂದು ಬೂದು ಬಣ್ಣದಲ್ಲಿ ಒಟ್ಟುಮಾಡಿ ಮೇಲಿಟ್ಟೆ. ಆರು ಪದರ ಉಳಿದವು. ಈ ಒಂದು ಹಾಳೆಯನ್ನು ಮಾತ್ರ ಉಡುಪಿಗೆ ಹೋಗಿ ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಪ್ಲಾಸ್ಟಿಕ್ ಹೊದಿಸಿ ತಂದೆ.

ಜೂನ್ 9, ಸೋಮವಾರ

ಹಾಳೆ ಗೋಡೆ ಏರಿ ಒಂದು ವಾರ. ಬೆಳಿಗ್ಗೆ ಶೆಡ್ಡಿಗೆ ಹೋದಾಗ ಆಚಾರಿಗಳ ಹಾಳೆಯ ಮೇಲೆ ಪೆನ್ಸಿಲಿನ ಚುಕ್ಕೆಗಳು. ದಿನಕ್ಕೊಂದರಂತೆ, ಕೆಲವು ಕಂಬದ ತುದಿಗೆ, ಕೆಲವು ಸ್ವಲ್ಪ ಕೆಳಗೆ. ಮೇಸ್ತ್ರಿ ಸಂಜೆ ಹೋಗುವಾಗ ಅಂದು ನಿಜಕ್ಕೂ ಎಷ್ಟು ಜನ ಬಂದಿದ್ದರು ಎಂದು ಗುರುತು ಹಾಕುತ್ತಿದ್ದರಂತೆ. ಯಾರೂ ಅವರಿಗೆ ಹೇಳಿರಲಿಲ್ಲ. ಶುಕ್ರವಾರದ ಚುಕ್ಕೆ ಹನ್ನೆರಡರ ಬದಲು ಒಂಬತ್ತರಲ್ಲಿತ್ತು, ಅಂದು ಕಾಪುವಿನಿಂದ ಬರುವ ಮೂವರಿಗೆ ಮಳೆಯಿಂದ ಬಸ್ ಸಿಕ್ಕಿರಲಿಲ್ಲ.

"ಮುಂದಿನ ಪ್ರಿಂಟಿನಲ್ಲಿ ಕಂಬದ ಬಣ್ಣ ಇನ್ನೂ ಸ್ವಲ್ಪ ತೆಳು ಮಾಡಿ ಮಾರಾಯ್ರೆ," ಎಂದರು, "ಪೆನ್ಸಿಲು ಕಾಣುವುದಿಲ್ಲ."

189ರಿಂದ 210ಕ್ಕೆ ಏರಿಸಿದ್ದೇನೆ. ಹಸಿರು 220, ನೀಲಿ 40, ಕೆಂಪು ಇದ್ದ ಹಾಗೇ 255. ಕಾಗದದಲ್ಲಿ ಕರಗುವುದಿಲ್ಲ, ಎಚ್‌ಬಿ ಪೆನ್ಸಿಲ್ ಮೇಲೆ ಎದ್ದು ಕಾಣುತ್ತದೆ. ಇವತ್ತು ಸಂಜೆ ಐದೂ ಹಾಳೆಗಳ ಹೊಸ ಪ್ರಿಂಟ್ ಗೋಡೆಗೆ ಹೋಗುತ್ತದೆ, ಜೊತೆಗೆ ದಾರ ಕಟ್ಟಿದ ಒಂದೊಂದು ಪೆನ್ಸಿಲ್.